ಮಟ್ಟೆ ಸಮೇತ ಮೂರು ಲಕ್ಷ: ನಾನು ಹೋಗಿದ್ದ ಅಕೌಂಟ್ಸ್ ಕ್ಲಾಸ್ ಹೇಗಿತ್ತು

ನಾನು ಬಿ.ಕಾಂ ಮುಗಿಸಿದ್ದು ತಿಪಟೂರಿನಲ್ಲಿ. 2024ರ ಜುಲೈನಲ್ಲಿ ಬೆಂಗಳೂರಿಗೆ ಬಂದು ರಾಜಾಜಿನಗರದ ಒಂದು ಅಕೌಂಟ್ಸ್ ಟ್ರೇನಿಂಗ್ ಸೆಂಟರ್‌ಗೆ ಸೇರಿದೆ. ನಾಲ್ಕು ತಿಂಗಳ ಕೋರ್ಸ್. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಪೇರೋಲ್ (ಸಂಬಳದ ಲೆಕ್ಕ), ಕೊನೆಗೆ ಕೆಲಸ ಕೊಡಿಸುತ್ತೇವೆ ಅನ್ನುವ ಭರವಸೆ. ಸೆಂಟರ್ ಹೆಸರು ಬರೆಯುವುದಿಲ್ಲ. ಆ ಕಡೆ ಇಂಥವು ಬೀದಿಗೆರಡು ಇವೆ, ಎಲ್ಲಿಗೆ ಹೋದರೂ ಕಥೆ ಸುಮಾರಾಗಿ ಇದೇ ಇರಬಹುದು.

ಮೊದಲು ಫೀಸು. ಫೋನಿನಲ್ಲಿ 32,000 ಅಂದಿದ್ದರು. ಕಟ್ಟಲು ಹೋದರೆ 37,760. ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಬೇರೆ ಅಂತೆ. ಅಪ್ಪ ಅಟ್ಟದ ಮೇಲಿದ್ದ ಕೊಬ್ಬರಿ ಮಾರಿ ಕೊಟ್ಟ ದುಡ್ಡು ಅದು, ಹೊಟ್ಟೆ ಉರಿಯಿತು. ಹೊರಗಿನ ಬೋರ್ಡಿನಲ್ಲಿ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತಿತ್ತು. ರಸೀದಿಯಲ್ಲಿ ಅದು 'ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್' ಆಗಿತ್ತು. ರಸೀದಿ ಓದುವ ಬುದ್ಧಿ ನನಗೆ ಆಗ ಇರಲಿಲ್ಲ.

ಬ್ಯಾಚಿನಲ್ಲಿ 22 ಜನ, ಕಂಪ್ಯೂಟರ್ 14. ಬೇಗ ಬಂದವರಿಗೆ ಸೀಟು. ಟ್ಯಾಲಿ ಪಾಠ ಪರವಾಗಿಲ್ಲ, ಯೂಟ್ಯೂಬ್ ನೋಡಿ ಕಲಿಯುವಷ್ಟೇ. ಜಿಎಸ್‌ಟಿ ಚೆನ್ನಾಗಿತ್ತು. ಆದರೆ ನಾನು ಕೊಟ್ಟ ದುಡ್ಡು ವಸೂಲಾದದ್ದು ಪೇರೋಲ್ ಕ್ಲಾಸಿನಲ್ಲಿ. ಅದನ್ನು ಹೇಳಿಕೊಡುತ್ತಿದ್ದವರು ಪೀಣ್ಯದ ಗಾರ್ಮೆಂಟ್ಸ್ ಒಂದರ ಟೈಮ್ ಆಫೀಸಿನಲ್ಲಿದ್ದು ರಿಟೈರ್ ಆದ ಹಿರಿಯರು. ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ. ದೊಡ್ಡ ಹಾಳೆಯಲ್ಲಿ ಗೆರೆ ಹಾಕಿಸಿ, ಹತ್ತು ಜನರ ಸಂಬಳ ಕೈಯಲ್ಲೇ ಲೆಕ್ಕ ಹಾಕಿಸುತ್ತಿದ್ದರು. ಬೈಗುಳವೂ ಇತ್ತು. "ಏನಮ್ಮಾ, ಅವನ ಪಿಎಫ್ ನಿಮ್ಮಪ್ಪ ಕಟ್ತಾರಾ?" ಅಂತ ಒಂದು ಸಲ ನನಗೇ ಅಂದಿದ್ದರು.

ಅಕ್ಟೋಬರ್ ಕೊನೆಯಲ್ಲಿ ಪ್ಲೇಸ್‌ಮೆಂಟ್ ಮೇಡಂ ಕರೆದು, "ಮೂರು ಲಕ್ಷದ ಪ್ಯಾಕೇಜ್ ಕಣಮ್ಮಾ, ಸ್ವೀಟ್ ಯಾವಾಗ?" ಅಂದರು. ಮೂರು ಲಕ್ಷ ಭಾಗಿಸು ಹನ್ನೆರಡು, 25,000. ಅಪ್ಪನಿಗೆ ಫೋನ್ ಮಾಡಿ ಹಾಗೇ ಹೇಳಿಬಿಟ್ಟೆ. ಸಂಜೆ ಆಫರ್ ಲೆಟರ್ ಮೊಬೈಲಿಗೆ ಬಂತು. ಮಾರನೇ ದಿನ ಪ್ರಿಂಟ್ ತೆಗೆದುಕೊಂಡು ಪೇರೋಲ್ ಸರ್ ಮುಂದೆ ಇಟ್ಟೆ. ಅವರು ಪೆನ್ನು ನನ್ನ ಕೈಗೇ ಕೊಟ್ಟರು. "ನಾಲ್ಕು ತಿಂಗಳಿಂದ ಊರಿನವರ ಸಂಬಳ ಲೆಕ್ಕ ಹಾಕಿದ್ದೀಯ. ಈಗ ನಿಂದು ಹಾಕು."

ಹಾಕಿದೆ. ತಿಂಗಳ 25,000ದಲ್ಲಿ ಬೇಸಿಕ್ (ಮೂಲ ವೇತನ) 12,500. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ 12 ಪರ್ಸೆಂಟ್, 1,500. ಅದೂ 'ನನ್ನ' 25,000ದ ಒಳಗೇ. ಗ್ರಾಚ್ಯುಟಿ 601. ಐದು ವರ್ಷ ಅಲ್ಲೇ ಇದ್ದರೆ ಕಣ್ಣಿಗೆ ಬೀಳುವ ದುಡ್ಡು ಅದು. ವೇರಿಯಬಲ್ ಪೇ ತಿಂಗಳಿಗೆ 2,000, ಕೊಡುವುದು ವರ್ಷದ ಕೊನೆಗೆ, ಅದೂ ಅವರ ಮನಸ್ಸು ಬಂದಷ್ಟು. ಗ್ರಾಸ್, ಅಂದರೆ ನನ್ನ ಕಡಿತಕ್ಕೆ ಮುಂಚಿನ ಸಂಬಳ, 21,000ಕ್ಕಿಂತ ಕಡಿಮೆ ಇದ್ದದ್ದರಿಂದ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಬರುತ್ತದೆ. ಕಂಪನಿಯ ಪಾಲು 3.25 ಪರ್ಸೆಂಟ್, 658. ಇಷ್ಟೆಲ್ಲ ಹೋಗಿ ಗ್ರಾಸ್ 20,241. ಅದರಲ್ಲಿ ನನ್ನ ಪಾಲಿನ ಪಿಎಫ್ ಮತ್ತೆ 1,500, ಇಎಸ್‌ಐ 0.75 ಪರ್ಸೆಂಟ್ ಅಂದರೆ 152. ಕೈಗೆ ಬರುವುದು 18,589.

ರಾತ್ರಿ ಅಪ್ಪನಿಗೆ ಪುನಃ ಫೋನ್. ಪೂರ್ತಿ ಕೇಳಿಸಿಕೊಂಡು, "ಮಟ್ಟೆ ಸಮೇತ ತೂಗಿದಾರೆ ಅನ್ನು" ಅಂದರು. ಮಟ್ಟೆ ಅಂದರೆ ತೆಂಗಿನಕಾಯಿಯ ಹೊರಗಿನ ನಾರಿನ ಸಿಪ್ಪೆ. ಕೊಬ್ಬರಿ ಊರಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ನನಗೆ ಸಿಟ್ಟು ಬಂದದ್ದು ಲೆಕ್ಕಕ್ಕಲ್ಲ. ಇದೇ ಸೆಂಟರಿನವರು ಫೀಸು ಹೇಳುವಾಗ ಜಿಎಸ್‌ಟಿ ಬಿಟ್ಟು ಹೇಳಿದರು, ಸಂಬಳ ಹೇಳುವಾಗ ಪಿಎಫ್ ಸೇರಿಸಿ ಹೇಳಿದರು! ಅದೂ ಪಕ್ಕದ ರೂಮಿನಲ್ಲೇ ಈ ಲೆಕ್ಕ ಪಾಠ ಮಾಡಿಸಿಕೊಂಡು.

ಪ್ಲೇಸ್‌ಮೆಂಟ್ ಮೇಡಂ ಹತ್ತಿರ ಕೇಳಿದರೆ "ಎಲ್ಲ ಕಡೆ ಹೀಗೇ" ಅಂದರು. ಅದು ಸುಳ್ಳಲ್ಲ. ನನ್ನ ಪಿಜಿ ರೂಮ್‌ಮೇಟ್ ಐಟಿ ಕಂಪನಿಯಲ್ಲಿದ್ದಾಳೆ. ಅವಳ 'ಮೂರು ಅರವತ್ತು' (ವರ್ಷಕ್ಕೆ 3.60 ಲಕ್ಷ) ಕೂಡ ಕೈಗೆ 30,000 ಆಗಿ ಬರುವುದಿಲ್ಲ. ಗ್ರಾಸ್ 25,000 ದಾಟಿರುವುದರಿಂದ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆಯೂ ಹೋಗುತ್ತದೆ, ಫೆಬ್ರವರಿಯಲ್ಲಿ 300. ಇನ್‌ಕಮ್ ಟ್ಯಾಕ್ಸ್ ಬಗ್ಗೆ ಇಬ್ಬರೂ ತಲೆ ಕೆಡಿಸಿಕೊಂಡಿಲ್ಲ. ಹೊಸ ಪದ್ಧತಿಯಲ್ಲಿ ನಮ್ಮಂಥವರ ಸಂಬಳಕ್ಕೆ ಅದು ಬರುವುದೇ ಇಲ್ಲ.

ಅದೇ ವಾರ ಇನ್ನೊಂದು ಕಡೆ ಕರೆದರು, ಒಬ್ಬ ಆಡಿಟರ್ ಆಫೀಸು. ತಿಂಗಳಿಗೆ 19,000, ಕಡಿತ ಏನೂ ಇಲ್ಲ. ಏಳೇ ಜನರ ಆಫೀಸು, 20 ಜನ ಇಲ್ಲದಿದ್ದರೆ ಪಿಎಫ್ ಕಡ್ಡಾಯ ಅಲ್ಲ. 18,589ಕ್ಕಿಂತ 19,000 ಜಾಸ್ತಿ ಅಲ್ವಾ? ನಾನೂ ಅಲ್ಲಿಗೇ ಹೊರಟಿದ್ದೆ. ಸರ್ ತಡೆದರು. ಕಂಪನಿಯ 1,500ರಲ್ಲಿ 1,041 ಪೆನ್ಷನ್‌ಗೆ ಹೋಗುತ್ತದೆ, 459 ಪಿಎಫ್‌ಗೆ. ನನ್ನ 1,500 ಸೇರಿ ತಿಂಗಳಿಗೆ 1,959 ನನ್ನ ಖಾತೆಯಲ್ಲೇ ಕೂರುತ್ತದೆ. ಮೇಲೆ ಇಎಸ್‌ಐ ಇದೆ. "ಅವರು ಸುಳ್ಳು ಹೇಳಿದ್ದು ಸಂಬಳ ಎಷ್ಟು ಅನ್ನೋದಕ್ಕೆ. ಕೆಲಸ ಕೆಟ್ಟದ್ದು ಅಂತಲ್ಲ" ಅಂದರು. ನವೆಂಬರ್ 11ಕ್ಕೆ ಆ ಮೂರು ಲಕ್ಷದ ಕಂಪನಿಗೇ ಸೇರಿದೆ. ಅಲ್ಲಿ ಡಿಗ್ರಿ ಸರ್ಟಿಫಿಕೇಟಿನ ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅಂದರು. ಕೊಡಲಿಲ್ಲ. ಜೆರಾಕ್ಸ್‌ಗೇ ಒಪ್ಪಿದರು.

ಮೊದಲ ಸಂಬಳ ಡಿಸೆಂಬರ್ 7ಕ್ಕೆ ಬಂತು. ಇಪ್ಪತ್ತು ದಿನದ್ದು, ಹನ್ನೆರಡು ಸಾವಿರ ಚಿಲ್ಲರೆ. ಪಿಜಿಗೆ 7,500. ಶಕ್ತಿ ಯೋಜನೆ ಇದ್ದದ್ದಕ್ಕೆ ಬಸ್ ಖರ್ಚು ಉಳಿಯಿತು, ನಮ್ಮ ಬ್ಯಾಚಿನ ಹುಡುಗರಿಗೆ ಅದೂ ಇಲ್ಲ. ಸೇರಿದ ದಿನದಿಂದ ದುಡ್ಡು ಕಾಣುವವರೆಗೆ ಸುಮಾರು ಒಂದು ತಿಂಗಳು ಕೈಯಿಂದಲೇ ನಡೆಸಬೇಕಾಯಿತು. ಇದನ್ನು ಯಾವ ಕ್ಲಾಸಿನಲ್ಲೂ ಹೇಳಿರಲಿಲ್ಲ. ವರ್ಷ ತುಂಬಿದ ಮೇಲೆ ವೇರಿಯಬಲ್ 24,000 ಬರಲಿಲ್ಲ, 15,600 ಬಂತು.

ಈಗ ಅದೇ ಕಂಪನಿಯಲ್ಲಿ ಪೇರೋಲ್ ನೋಡುತ್ತಿದ್ದೇನೆ. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಆದರೆ, ಜಾಸ್ತಿಯಾದ ಭಾಗವನ್ನೂ ವೇತನ ಅಂತಲೇ ಹಿಡಿಯಬೇಕು. ಬೇಸಿಕ್ ತೀರಾ ಕಡಿಮೆ ತೋರಿಸಿದ ಆಫರ್ ಲೆಟರ್ ಬಂದರೆ ಇದನ್ನು ಕೇಳಿ. ಕಾಂಟ್ರಾಕ್ಟ್ ಇಷ್ಟು ಅವಧಿಗೆ ಅಂತ ಬರೆದಿದ್ದರೆ ಗ್ರಾಚ್ಯುಟಿ ಒಂದೇ ವರ್ಷಕ್ಕೆ ಸಿಗುತ್ತದೆ, ಅದನ್ನೂ ಕೇಳಿ.

ಪಾಠಕ್ಕೆ ಐದರಲ್ಲಿ ನಾಲ್ಕು. ಪ್ಲೇಸ್‌ಮೆಂಟ್‌ಗೆ ಎರಡು, ಅದೂ ಇಂಟರ್‌ವ್ಯೂಗೆ ಕಳಿಸಿದ್ದಕ್ಕೆ. ಇಂಥ ಕಡೆ ಸೇರುವುದಾದರೆ ಪೇರೋಲ್ ಯಾರು ತೆಗೆದುಕೊಳ್ಳುತ್ತಾರೆ ಅಂತ ಮೊದಲು ವಿಚಾರಿಸಿ. ನಮ್ಮ ಸರ್ ಬೆಳಗಿನ ಏಳೂವರೆ ಬ್ಯಾಚಿಗೆ ಮಾತ್ರ ಬರುತ್ತಿದ್ದರು. ಸಂಜೆಯವರಿಗೆ ಅದೇ ಫೀಸು, ಪಾಠ ಮಾತ್ರ ವಿಡಿಯೋ.