ಗಾಲ್ಫ್ ಕಾರ್ಟ್: ಹಳೆಯದೋ, ಹೊಸದೋ?

ಬ್ಯಾಟರಿಯಲ್ಲಿ ಓಡುವ ಪುಟ್ಟ ಗಾಡಿ ಗಾಲ್ಫ್ ಕಾರ್ಟ್; ಹಳೆಯದನ್ನು ಕೊಳ್ಳಲೋ, ಹೊಸದನ್ನೋ ಎಂದು ಕೇಳಿದ್ದೀರಿ. ಮೊದಲು ಓಡಿಸುವ ಜಾಗ ನೋಡಿ. ಹಳೆಯ 36 ವೋಲ್ಟ್ ಗಾಡಿಗಳಲ್ಲಿ ವೇಗವನ್ನು ತಡೆದು ಹಿಡಿಯುವುದು ದಪ್ಪ ರೆಸಿಸ್ಟರ್ ಸುರುಳಿಗಳು, ಅಂದರೆ ವಿದ್ಯುತ್ ಹರಿವಿಗೆ ಅಡ್ಡಿಯೊಡ್ಡುವ ತಂತಿ ಸುರುಳಿಗಳು. ಪೆಡಲ್ ಒತ್ತಿದಂತೆಲ್ಲ ಸ್ವಿಚ್ ಒಂದೊಂದೇ ಸುರುಳಿಯನ್ನು ಕೈಬಿಡುತ್ತದೆ, ಗಾಡಿ ಹಂತಹಂತಕ್ಕೂ ಜಗ್ಗುತ್ತದೆ. ನಿಧಾನವಾಗಿ ಹೋದರೂ ಬ್ಯಾಟರಿಯ ಶಕ್ತಿ ಸಾಕಷ್ಟು ಶಾಖವಾಗಿ ಪೋಲಾಗುತ್ತದೆ. ನನಗೆ ಸಹಿಸಲಾಗದ್ದು ಅದೇ. ಹೊಸದರಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲರ್ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ತುಂಡರಿಸಿ ಕೊಡುತ್ತದೆ. ಓಟ ನಯ, ಚಾರ್ಜ್ ಹೆಚ್ಚು ದೂರ ಬರುತ್ತದೆ.

ದುರಸ್ತಿಗೆ ಮಾತ್ರ ಹಳೆಯದೇ ಸಲೀಸು. ಸ್ವಿಚ್ಚಿನಲ್ಲಿ ಸುಟ್ಟು ಕಪ್ಪಾದ ತಾಮ್ರದ ಸಂಪರ್ಕ ಬಿಂದು ಕಣ್ಣಿಗೇ ಕಾಣುತ್ತದೆ, ಸ್ಪ್ಯಾನರ್ ಹಿಡಿದು ಬದಲಿಸಬಹುದು. ಕಂಟ್ರೋಲರ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು, ಖರ್ಚೂ ದೊಡ್ಡದು.

ಸಮತಟ್ಟಾದ ಆವರಣ, ಕಡಿಮೆ ಓಡಾಟ, ರಿಪೇರಿ ಕೆಲಸವೂ ಗೊತ್ತಿದ್ದರೆ ಹಳೆಯದು ಸಾಕು. ಏರಿಳಿತದ ದಾರಿಯಲ್ಲಿ ದಿನವಿಡೀ ಓಡಿಸುವುದಾದರೆ ಕಂಟ್ರೋಲರ್ ಇರುವ ಗಾಡಿಯನ್ನೇ ಕೊಳ್ಳಿ.