ಮುಂಬೈ ಡೆಲಿವರಿಗೆ ಓಆರ್-ಟೂಲ್ಸ್ ಹೇಗಿದೆ?

ಮಾಟುಂಗಾದಿಂದ ಸ್ಕೂಟರಿನಲ್ಲಿ ಹೊರಟು ಸಯನ್, ದಾದರ್, ಬಾಂದ್ರಾ, ವರ್ಲಿ ಸುತ್ತಿ 19 ಮನೆಗಳಿಗೆ ದೋಸೆಹಿಟ್ಟು ಮುಟ್ಟಿಸಿ ವಾಪಸಾಗಬೇಕು ಅನ್ನಿ. ಯಾವ ಮನೆ ಮೊದಲು, ಯಾವುದು ಆಮೇಲೆ ಎಂಬ ಕ್ರಮಗಳು, ಒಂದೇ ಸುತ್ತನ್ನು ಹಿಂದುಮುಂದಾಗಿ ಎರಡು ಸಲ ಎಣಿಸದಿದ್ದರೂ, 608 ಕೋಟಿ ಕೋಟಿ ದಾಟುತ್ತವೆ. ಎಲ್ಲವನ್ನೂ ಅಳೆದು ನೋಡುವ ಮಾತೇ ಇಲ್ಲ. ಗೂಗಲ್‌ನ ಓಆರ್-ಟೂಲ್ಸ್ ಎಂಬ ಸಾಫ್ಟ್‌ವೇರ್ ಪೊಟ್ಟಣ ಮೊದಲು ಒಂದು ಸಾಧಾರಣ ದಾರಿ ಕಟ್ಟುತ್ತದೆ, ಆಮೇಲೆ ಅದನ್ನೇ ತುಸು ತುಸು ಬದಲಿಸುತ್ತ ಸುಧಾರಿಸುತ್ತದೆ. ಅಪಾಚೆ 2.0 ಲೈಸೆನ್ಸ್, ಹಾಗಾಗಿ ವ್ಯಾಪಾರಕ್ಕೂ ಉಚಿತ. ಈ ಕೆಲಸಕ್ಕೆ ಧೈರ್ಯವಾಗಿ ಶಿಫಾರಸು ಮಾಡಬಹುದು, ಆದರೆ ಸೆಟ್ಟಿಂಗ್ ಸರಿಯಿರಬೇಕು.

ಸುಧಾರಣೆಗೆ ಗೈಡೆಡ್ ಲೋಕಲ್ ಸರ್ಚ್ ಎಂಬ ವಿಧಾನ ಆರಿಸಿಕೊಳ್ಳಿ. ಹುಡುಕಾಟ ಒಂದೇ ಕಡೆ ಸಿಕ್ಕಿಕೊಂಡಾಗ ಅದು ದುಬಾರಿ ರಸ್ತೆತುಂಡುಗಳಿಗೆ ದಂಡ ಹಾಕಿ ಬೇರೆ ದಾರಿ ಹುಡುಕಿಸುತ್ತದೆ. ತಾನಾಗಿ ನಿಲ್ಲುವುದಿಲ್ಲ, ಆದ್ದರಿಂದ ಸಮಯದ ಮಿತಿ ಕೊಡಲೇಬೇಕು. ಇಷ್ಟು ಮನೆಗಳಿಗೆ 10 ಸೆಕೆಂಡ್ ಧಾರಾಳ. ಆರಂಭದ ದಾರಿಗೆ, ಇದ್ದಲ್ಲಿಂದ ಅತಿ ಅಗ್ಗದ ಮುಂದಿನ ಮನೆಗೆ ಹೋಗುತ್ತ ಕಟ್ಟುವ ಪಾತ್ ಚೀಪೆಸ್ಟ್ ಆರ್ಕ್ ಸಾಮಾನ್ಯವಾಗಿ ಸಾಕು. "7ರಿಂದ 7:30ರೊಳಗೆ ಬೇಕು" ಎನ್ನುವ ಗಿರಾಕಿಗಳು ಹೆಚ್ಚಿದ್ದರೆ ಅದು ಮುಗ್ಗರಿಸುತ್ತದೆ, ಆಗ ಮನೆಗಳನ್ನು ಒಂದೊಂದಾಗಿ ಅಗ್ಗದ ಜಾಗಕ್ಕೆ ಸೇರಿಸುತ್ತ ಹೋಗುವ ಪ್ಯಾರಲಲ್ ಚೀಪೆಸ್ಟ್ ಇನ್ಸರ್ಷನ್ ಹಾಕಿ ನೋಡಿ.

ಬಹಳ ಮಂದಿ ಎಡವುವುದು ದಾರಿಯುದ್ದಕ್ಕೂ ಕೂಡುತ್ತ ಹೋಗುವ ಸಮಯದ ಲೆಕ್ಕದಲ್ಲಿ, ಅಂದರೆ ಸಮಯದ ಡೈಮೆನ್ಷನ್‌ನಲ್ಲಿ. ಅಲ್ಲಿ ಸ್ಲ್ಯಾಕ್ (ಕಾಯಲು ಬಿಡುವ ಸಮಯ) 0 ಇಟ್ಟರೆ ಬೇಗ ತಲುಪಿದ ಸ್ಕೂಟರ್ ಗೇಟಿನ ಹತ್ತಿರ ಕಾಯುವಂತಿಲ್ಲ ಎಂದರ್ಥ. ಆಗ ಎಷ್ಟೋ ಸಲ ಉತ್ತರವೇ ಸಿಗದೆ ಪೈಥಾನಿನಲ್ಲಿ ಬರೀ 'None' (ಏನೂ ಇಲ್ಲ) ಬರುತ್ತದೆ. ಸ್ಲ್ಯಾಕ್ 30 ನಿಮಿಷ ಕೊಡಿ. ಪ್ರತಿ ಮನೆಗೂ, ದಂಡ ತೆತ್ತು ಅದನ್ನು ಬಿಡಬಹುದು ಎನ್ನುವ ಡಿಸ್‌ಜಂಕ್ಷನ್ ಹಾಕಿದರೆ ಹೊಂದದ ಮನೆಯನ್ನಷ್ಟೇ ಬಿಟ್ಟು ಉಳಿದದ್ದಕ್ಕೆ ದಾರಿ ಕೊಡುತ್ತದೆ. ದಂಡದ ಮೊತ್ತ ಮಾತ್ರ ಇಡೀ ಸುತ್ತಿನ ಖರ್ಚಿಗಿಂತ ದೊಡ್ಡದಿರಲಿ, ಇಲ್ಲದಿದ್ದರೆ ದೂರದ ಮನೆಗಳನ್ನು ಬಿಡುವುದೇ ಲಾಭ ಎಂದು ಲೆಕ್ಕ ಹಾಕುತ್ತದೆ. ಎಲ್ಲವೂ ಪೂರ್ಣಾಂಕ ಎಂಬುದನ್ನೂ ಮರೆಯಬೇಡಿ: 0.8 ಕಿ.ಮೀ. ಎಂದು ಕೊಟ್ಟರೆ ಸೊನ್ನೆಯಾದೀತು, 800 ಮೀಟರ್ ಎಂದೇ ಕೊಡಿ.

ದೂರದ ಪಟ್ಟಿಯನ್ನು ಓಆರ್-ಟೂಲ್ಸ್ ಮಾಡಿಕೊಡುವುದಿಲ್ಲ. ರಸ್ತೆನಕ್ಷೆಯಿಂದ ದೂರ, ಸಮಯ ಲೆಕ್ಕ ಹಾಕುವ ಸಾಫ್ಟ್‌ವೇರಾದ ಓಎಸ್‌ಆರ್‌ಎಂನ ಟೇಬಲ್ ಸೇವೆಯಿಂದ ಪಡೆಯುವುದು ಒಳ್ಳೆಯದು. ಮುಂಬೈಯಲ್ಲಿ ದೊಡ್ಡ ಮೋಸ ಇಲ್ಲೇ. ಕಾರಿನ ಪ್ರೊಫೈಲ್ (ವಾಹನ ಯಾವ ರಸ್ತೆಯಲ್ಲಿ ಹೋಗಬಹುದು ಎಂಬ ನಿಯಮಗಳು) ಬಳಸಿದರೆ ಬಾಂದ್ರಾದಿಂದ ವರ್ಲಿಗೆ ಸೀ ಲಿಂಕ್ ಮೇಲೆ ದಾರಿ ತೋರಿಸುತ್ತದೆ, ಅಲ್ಲಿ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಸ್ಕೂಟರ್ ಮಾಹಿಮ್ ಮೇಲೆ ಹೋಗಬೇಕು, ಆ ಸುತ್ತಿನ ವೇಳಾಪಟ್ಟಿಯೆಲ್ಲ ತಲೆಕೆಳಗು. ಪ್ರೊಫೈಲ್ ಫೈಲಿನಲ್ಲಿ ಆ ರಸ್ತೆಯನ್ನು ಮುಚ್ಚಿ ನಕ್ಷೆಯನ್ನು ಮತ್ತೆ ಸಂಸ್ಕರಿಸಿ. ಓಎಸ್‌ಆರ್‌ಎಂ ತಾನಾಗಿ ಟ್ರಾಫಿಕ್ ನೋಡುವುದಿಲ್ಲ, ಬೆಳಿಗ್ಗೆ 8ರ ನಂತರದ ಸುತ್ತಿಗೆ ಸಮಯವನ್ನು ನೀವೇ ಏರಿಸಿಕೊಳ್ಳಬೇಕು.

ಒಂದು ನಿಜವಾದ ಕೊರತೆಯಿದೆ: ಸಿಕ್ಕ ದಾರಿ ಅತ್ಯುತ್ತಮಕ್ಕಿಂತ ಎಷ್ಟು ಹಿಂದಿದೆ ಎಂದು ಈ ರೂಟಿಂಗ್ ಭಾಗ ಹೇಳುವುದಿಲ್ಲ. ಅದು ಬೇಕಿದ್ದರೆ ಅದೇ ಪೊಟ್ಟಣದಲ್ಲಿರುವ ಇನ್ನೊಂದು ಸಾಲ್ವರ್ ಆದ ಸಿಪಿ-ಸ್ಯಾಟ್‌ಗೆ ಸರ್ಕಿಟ್ ನಿರ್ಬಂಧ (ಎಲ್ಲ ಮನೆ ಸೇರಿ ಒಂದೇ ಸುತ್ತಾಗಬೇಕು ಎಂಬ ನಿಯಮ) ಹಾಕಿ ಓಡಿಸಿ, ಯಾವ ದಾರಿಯೂ ಇದಕ್ಕಿಂತ ಕಡಿಮೆಯಾಗದು ಎಂಬ ಕೆಳಮಿತಿಯನ್ನೂ ಕೊಡುತ್ತದೆ. ಬರೀ ದೂರವೇ ಮುಖ್ಯವಾಗಿದ್ದು ಸಾವಿರಾರು ತಾಣಗಳಿದ್ದರೆ ಹೆಲ್ಸ್‌ಗೌನ್ ಅವರ ಎಲ್‌ಕೆಎಚ್ ಎಂಬ ಸಾಫ್ಟ್‌ವೇರ್ ಓಆರ್-ಟೂಲ್ಸ್‌ಗಿಂತ ಬಲಶಾಲಿ, ಆದರೆ ಅದರ ಉಚಿತ ಬಳಕೆ ಅಧ್ಯಯನಕ್ಕೂ ವಾಣಿಜ್ಯೇತರ ಕೆಲಸಕ್ಕೂ ಮಾತ್ರ.