ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತಿದೆಯಾ? ಸಿಕ್ಕ ಅಂಗಡಿಗೆ ಕೊಡಬೇಡಿ

ನನ್ನದು ತಿಪಟೂರಿನಲ್ಲಿ ಸಣ್ಣ ಫೋಟೋ ಸ್ಟುಡಿಯೋ. ಮದುವೆ ಸೀಸನ್ ಮಧ್ಯದಲ್ಲಿ 2 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟೇಬಲ್ ಮೇಲಿಂದ ಬಿತ್ತು. ಅದೂ ಕಾಪಿ ಆಗ್ತಾ ಇರುವಾಗಲೇ. ಕೇಬಲ್‌ಗೆ ಕಾಲು ತಾಗಿಸಿ ಬೀಳಿಸಿದ್ದು ನಾನೇ, ಯಾರನ್ನು ಬೈಯೋದು? ಬ್ಯಾಕಪ್ ಇರಲಿಲ್ವಾ ಅಂತ ಕೇಳಬೇಡಿ. ಅದರಲ್ಲಿದ್ದ ಮೂರು ಮದುವೆಯಲ್ಲಿ ಎರಡರ ಆಲ್ಬಮ್ ಕೊಟ್ಟಾಗಿತ್ತು, ಮೂರನೆಯದು ಪೂರ್ತಿ ಅದರಲ್ಲೇ ಇತ್ತು.

ಮತ್ತೆ ಹಾಕಿದರೆ ಟಿಕ್, ಟಿಕ್, ಟಿಕ್, ಆಮೇಲೆ ಸುಮ್ಮನಾಗುತ್ತಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಕೇಬಲ್ ಬದಲಾಯಿಸಿ, ಕಂಪ್ಯೂಟರ್ ಬದಲಾಯಿಸಿ ಹತ್ತು ಸಲವಾದರೂ ಹಾಕಿರಬೇಕು. ಆ ಶಬ್ದ ಬಂದರೆ ಒಳಗಿನ ಹೆಡ್, ಅಂದರೆ ಡೇಟಾ ಓದುವ ಭಾಗ, ಕೆಟ್ಟಿರುವುದೇ ಜಾಸ್ತಿ, ಕರೆಂಟ್ ಕೊಟ್ಟಷ್ಟೂ ಅದು ಡೇಟಾ ಇರುವ ತಿರುಗೋ ಪ್ಲೇಟನ್ನು ಕೆರೆಯಬಹುದು ಅಂತ ಆಮೇಲೆ ತಿಳೀತು. ಫ್ರಿಜ್‌ನಲ್ಲಿ ಇಡಿ ಅಂತ ಸಲಹೆ ಕೊಟ್ಟವರೂ ಇದ್ದರು, ಪುಣ್ಯಕ್ಕೆ ಅದೊಂದು ಮಾಡಲಿಲ್ಲ.

ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಲ್ಲಿ ಸಿಗದೇ ಇರೋದು ಏನಿದೆ ಅಂತಾರಲ್ಲ, ಸೀದಾ ಅಲ್ಲಿಗೇ. ಒಂದು ಮಹಡಿ ಮೇಲಿನ ಅಂಗಡಿಗೆ 'ಡೇಟಾ ಬರದಿದ್ದರೆ ದುಡ್ಡಿಲ್ಲ' ಅಂತ ಬೋರ್ಡ್ ಹಾಕಿದ್ದರು, ನಾನು ಬಿದ್ದದ್ದು ಆ ಬೋರ್ಡಿಗೆ. ಹುಡುಗ ಡಿಸ್ಕನ್ನು ಕಿವಿಗೆ ಹಿಡಿದು, "ಹೆಡ್ ಹೋಗಿದೆ ಸಾರ್, ಎರಡು ದಿನ ಬಿಡಿ, ಮಾಡ್ಕೊಡ್ತೀವಿ" ಅಂದ. ಚೆಕಿಂಗ್ ಚಾರ್ಜ್ 1,500 ರೂಪಾಯಿ. ಬಿಲ್ ಕೇಳಿದ್ದಕ್ಕೆ ಒಂದು ಚೀಟಿಯಲ್ಲಿ ನನ್ನ ಫೋನ್ ನಂಬರ್ ಬರೆದು 'ಹಾರ್ಡ್ ಡಿಸ್ಕ್ 1' ಅಂತ ಗೀಚಿ ಕೊಟ್ಟ. ಸೀರಿಯಲ್ ನಂಬರ್ ಇಲ್ಲ, ಅಂಗಡಿ ಸೀಲ್ ಇಲ್ಲ.

ಮೂರನೇ ದಿನ ಫೋನ್ ಬಂತು. ಪಾರ್ಟ್ ತರಿಸಬೇಕು, 18,000 ಆಗುತ್ತೆ, ಅರ್ಧ ಈಗಲೇ ಹಾಕಿ. ಹಾಕಿದೆ. ವಾರ ಕಳೆದ ಮೇಲೆ ಅದು 30,000 ಆಯಿತು. ಯಾವ ಫೈಲ್ ಬಂದಿದೆ, ಲಿಸ್ಟ್ ಕಳಿಸಿ ಅಂದರೆ, ದುಡ್ಡು ಹಾಕಿದ ಮೇಲೆ ತೋರಿಸ್ತೀವಿ ಅಂತಾರೆ! ಬರದಿದ್ದರೆ ದುಡ್ಡಿಲ್ಲ ಅಂದಿದ್ರಲ್ಲ ಅಂತ ಕೇಳಿದರೆ, ಅದು ಸರ್ವಿಸ್ ಚಾರ್ಜಿಗೆ ಮಾತ್ರವಂತೆ, ಪಾರ್ಟ್ ದುಡ್ಡು ಬೇರೆಯಂತೆ.

ಹೇಳದೇ ಕೇಳದೇ ಅಂಗಡಿಗೆ ಹೋದೆ. ಒಳಗಿನ ಟೇಬಲ್ ಮೇಲೆ, ತಿರುಗೋ ಫ್ಯಾನಿನ ಕೆಳಗೆ, ಟೀ ಲೋಟದ ಪಕ್ಕದಲ್ಲಿ ಮುಚ್ಚಳ ತೆಗೆದ ಎರಡು ಡಿಸ್ಕ್ ಇದ್ದವು. ಅದರಲ್ಲಿ ಒಂದು ನನ್ನದು. ಹೆಡ್ ಓಡಾಡುವುದು ಪ್ಲೇಟಿನಿಂದ ಕೆಲವೇ ನ್ಯಾನೋಮೀಟರ್ ಮೇಲೆ, ನಮ್ಮ ಒಂದು ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಅದಕ್ಕೇ ಧೂಳು ಸೋಸಿದ ಗಾಳಿಯಲ್ಲಿ, ಕೈಗವಸು ಹಾಕಿಕೊಂಡು ತೆರೆಯಬೇಕು. ಇಲ್ಲಿ ಬರಿಗೈ. ಜಗಳ ಆಡಿ ಡಿಸ್ಕ್ ತಗೊಂಡು ಬಂದೆ, 10,500 ರೂಪಾಯಿ ಬರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಬರೆಸಿದೆ, ಆದರೆ ತೋರಿಸೋಕೆ ನನ್ನ ಹತ್ತಿರ ಇದ್ದದ್ದು ಆ ಚೀಟಿ ಮತ್ತು ದುಡ್ಡು ಹಾಕಿದ ಮೆಸೇಜ್ ಅಷ್ಟೇ.

ನಿಜವಾದ ಲ್ಯಾಬ್ ಇರುವವರ ಹತ್ತಿರ ಆಮೇಲೆ ಹೋದೆ. ಆತ ಲೈಟ್ ಹಿಡಿದು ತೋರಿಸಿದ. ಪ್ಲೇಟಿನ ಮೇಲೆ ಉಂಗುರದ ಹಾಗೆ ಕೆರೆದ ಗೆರೆ, ಅಂಚಿನಲ್ಲಿ ಅರ್ಧ ಬೆರಳಚ್ಚು. ಒಂದು ಸ್ಕ್ರೂ ಬೇರೆ ಕಾಣೆಯಾಗಿತ್ತು. "ಮೊದಲೇ ಇಲ್ಲಿಗೆ ಬಂದಿದ್ದರೆ ನೋಡಬಹುದಿತ್ತು" ಅಂದ. ಚಾರ್ಜ್ ತಗೊಳ್ಳಲಿಲ್ಲ. ನಾನು ಎಲ್ಲರಿಗೂ ಹೇಳೋದು ಇದನ್ನೇ: ಮೊದಲು ತೆರೆಯುವವನ ಕೈಯಲ್ಲೇ ಎಲ್ಲಾ ಇದೆ. ನನ್ನ ಕೇಳದೆ ತೆರೆಯಬೇಡಿ ಅಂತ ಸೀರಿಯಲ್ ನಂಬರ್ ಸಮೇತ ಬರೆಸಿಕೊಳ್ಳಿ, ತೆರೆಯುವ ಜಾಗ ತೋರಿಸಿ ಅನ್ನಿ, ಒರಿಜಿನಲ್ ಮೇಲೆ ಕೆಲಸ ಮಾಡ್ತೀರಾ ಅಥವಾ ಮೊದಲು ಕ್ಲೋನ್ (ಇಡೀ ಡಿಸ್ಕಿನ ನಕಲು) ತೆಗೀತೀರಾ ಅಂತ ಕೇಳಿ. ತಡಬಡಾಯಿಸಿದರೆ ಎದ್ದು ಬನ್ನಿ. ವಾರಂಟಿ ಇದೆಯಲ್ಲಾ ಅಂತ ಕಂಪನಿಗೆ ಕಳಿಸಿದರೆ ಬೇರೆ ಡಿಸ್ಕ್ ಕೊಡ್ತಾರೆ, ಒಳಗಿದ್ದ ಫೋಟೋ ವಾರಂಟಿಗೆ ಬರಲ್ಲ.

ಕೊನೆಗೆ ಒಂದಿಷ್ಟು ಉಳಿದದ್ದು ಕ್ಯಾಮೆರಾ ಕಾರ್ಡಿನಿಂದ. ಫಾರ್ಮ್ಯಾಟ್ ಮಾಡಿ ಅದರಲ್ಲೇ ಒಂದು ನಾಮಕರಣ ತೆಗೆದಿದ್ದೆ, ಆದರೂ ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದರೆ 400ರ ಹತ್ತಿರ ಫೋಟೋ ಬಂದವು. ಹೆಸರೆಲ್ಲ ಹೋಗಿ ಬರೀ ನಂಬರ್, ಮದುವೆ ಯಾವುದು ನಾಮಕರಣ ಯಾವುದು ಅಂತ ಒಂದೊಂದೇ ತೆರೆದು ನೋಡಿದೆ. ಧಾರೆಯ ಹೊತ್ತಿನವು ಸಿಕ್ಕಿದ್ದು 11, ಅದರಲ್ಲಿ ಎರಡಕ್ಕೆ ಕೆಳಗಿನ ಅರ್ಧ ಬರೀ ಬೂದು ಬಣ್ಣ. ಉಳಿದದ್ದನ್ನು ನೆಂಟರ ಮೊಬೈಲುಗಳಿಂದ ಕೂಡಿಸ್ತಾ ಇದ್ದೀನಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ಕ್ವಾಲಿಟಿ ಹೋಗುತ್ತೆ, ಹಾಗಾಗಿ ಪೆನ್‌ಡ್ರೈವ್ ಹಿಡಿದು ಮನೆ ಮನೆಗೆ ಹೋಗ್ತೀನಿ. ಇವತ್ತಿಗೆ 14 ಮನೆ ಆಯಿತು.